ಎಂಟು ದಿನದ ಮೊಸರು

“ಬಂತು ಕಣೇ! ಆಕ್ಸೆಪ್ಟ್ ಆಗೋಯ್ತು! ಶುಕ್ರವಾರ ಕಳ್ಸಿದ್ದು, ಸೋಮವಾರಕ್ಕೆ ಒಪ್ಪಿಗೆ! ಲೇ ವನಿ, ಕೇಳಿಸ್ತಾ? ನಾಳೆ ಬೆಳಿಗ್ಗೆಯಿಂದ ನಾನ್ ಬರ್ದಿದ್ದೇ ನಿಜ!”

ಬಿಂದುಶ್ರೀ ಕ್ಯಾಂಟೀನಿನ ಬಾಗಿಲಿನಿಂದಲೇ ಕೂಗಿಕೊಂಡು ಬಂದಳು. ನನ್ನ ಬಾಯಲ್ಲಿ ಅರ್ಧ ಬೋಂಡ ಇತ್ತು. ನುಂಗುವಷ್ಟರಲ್ಲಿ ಅವಳು ಎದುರಿನ ಕುರ್ಚಿ ಎಳೆದು ಕೂತು, ನನ್ನ ಲೋಟದ ನೀರನ್ನೆಲ್ಲ ಕುಡಿದು ಮುಗಿಸಿದ್ದಳು.

“ಯಾವ್ದು? ನಿನ್ ಮೊಸರಿಂದಾ?”

“ಮೊಸರಿಂದೇ! ‘ಹೆಪ್ಪು ಹಾಕಿದ ಹಾಲು ಮೊಸರಾಗಲು ಬೇಕಾಗುವ ಕಾಲ: ಒಂದು ಅಧ್ಯಯನ.’ ನಿಮ್ ದೊಡ್ಡಮ್ಮನ ಹೆಪ್ಪಿಂದಾನೇ ಮಾಡಿದ್ದಲ್ವಾ, ಕೊನೇಲಿ ಅವರ ಹೆಸರೂ ಹಾಕಿದೀನಿ. ಇನ್ನು ನನ್ನ ಯಾರೂ ತಡಿಯೋಕಾಗಲ್ಲ ನೋಡು. ಬರೋ ಸೋಮವಾರ ಬೆಟ್ಟದ ಪ್ರಯೋಗಾಲಯದಲ್ಲಿ ಇಂಟರ್ವ್ಯೂ. ಗೋಡೆ ಮೇಲೆ ಒಂದು ಪೇಪರ್ ಇರೋರಿಗೆ ಮಾತ್ರ ಸೀಟು. ನಂದು ಇರುತ್ತೆ!”

ನಾನು ಎದ್ದು ಅವಳನ್ನು ತಬ್ಬಿಕೊಂಡು ಕುಣಿದೆ. ಪಕ್ಕದ ಮೇಜಿನವರು ಏನು ಎತ್ತ ಎಂದು ಕೇಳದೆಯೇ ಚಪ್ಪಾಳೆ ಹೊಡೆದರು. ನಮ್ಮ ಊರಿನಲ್ಲಿ ಯಾರಾದರೂ ಹೀಗೆ ಕುಣಿಯುತ್ತಿದ್ದರೆ ಅದು ಪೇಪರೇ ಎಂದು ಎಲ್ಲರಿಗೂ ಗೊತ್ತು.

“ರಿವ್ಯೂ ಮಾಡಿದೋರು ಏನಂದ್ರು?” ಎಂದೆ.

“ಮೊದಲ್ನೇವ್ರು ಬರೀ ‘ಚೆನ್ನಾಗಿದೆ’ ಅಂದಿದಾರೆ, ಅಷ್ಟೆ. ಎರಡನೇವ್ರು ಇದಾರಲ್ಲ, ಭಾರಿ ಸೂಕ್ಷ್ಮ ಕಣೇ. ‘ಕೆಲಸ ಉಪಯುಕ್ತವಾಗಿದೆ. ಚಿತ್ರ ಎರಡು ಇನ್ನಷ್ಟು ಸ್ಪಷ್ಟವಾಗಿದ್ದರೆ ಒಳ್ಳೆಯದು’ ಅಂತ ಬರ್ದಿದಾರೆ. ನನ್ ಪೇಪರಲ್ಲಿ ಇದ್ದಿದ್ದೇ ಒಂದು ಚಿತ್ರ! ಆಮೇಲೆ ಹೊಳೀತು, ಎರಡನೇದು ಬೇಕು ಅಂತ ನಯವಾಗಿ ಸೂಚನೆ ಕೊಡ್ತಿದಾರೆ ಅಂತ. ನಿನ್ನೆ ಇಡೀ ಭಾನುವಾರ ಕೂತು ನಿಮ್ ದೊಡ್ಡಮ್ಮನ ಗಡಿಗೆ ಬರ್ದೆ. ಮುಚ್ಚಳ ಸಮೇತ. ಆ ಪುಣ್ಯಾತ್ಮ ಯಾರೋ ಏನೋ, ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ.”

ಎತ್ತಿಕೊಂಡಿದ್ದ ಇನ್ನರ್ಧ ಬೋಂಡವನ್ನು ತಟ್ಟೆಗೇ ಇಟ್ಟೆ. ಏಕೆಂದರೆ ಆ ವಾಕ್ಯ ನನ್ನದು. ಆ ವಾರ ನನಗೆ ಬಂದ ನಾಲ್ಕು ಪೇಪರಿಗೂ ನಾನು ಅದನ್ನೇ ಅಂಟಿಸಿದ್ದೆ. ಯಾವ ಪೇಪರಿನಲ್ಲಾದರೂ ಚಿತ್ರ ಎರಡು ಇದ್ದೇ ಇರುತ್ತದೆ, ಅದು ಯಾವಾಗಲೂ ಮಸುಕಾಗಿಯೇ ಇರುತ್ತದೆ ಎಂಬುದು ನನ್ನ ನಂಬಿಕೆ. ಶನಿವಾರ ಮಧ್ಯಾಹ್ನ ಇದೇ ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಒಂದು ಕೈಯಲ್ಲಿ ಟೋಕನ್ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಒತ್ತಿ, ತಲೆಬರಹವನ್ನೂ ನೋಡದೆ ಸಹಿ ಹಾಕಿದ್ದೆ. ಬಂದ ದಿನವೇ ರಿವ್ಯೂ ಮುಗಿಸಿಕೊಟ್ಟರೆ ಒಂದು ಅಂಕ. ಐದು ಅಂಕ ಆದರೆ ನಮ್ಮ ಪೇಪರು ಸಾಲಿನಲ್ಲಿ ಮುಂದಕ್ಕೆ ಹೋಗುತ್ತದೆ. ನನಗೆ ನಾಲ್ಕಾಗಿತ್ತು.

“ಯಾಕೆ ಹಂಗ್ ನೋಡ್ತಿದೀಯ?” ಎಂದಳು ಬಿಂದು.

“ಬೋಂಡ ಬಿಸಿ,” ಎಂದೆ.

ನಾನು ಚಿಕ್ಕವಳಾಗಿದ್ದಾಗ ಊರಿಗೆ ಇದ್ದದ್ದು ದೊಡ್ಡ ಪತ್ರಿಕೆ ಒಂದೇ. ಒಂದು ಪೇಪರು ಅದರಲ್ಲಿ ಬರಲು ಮೂರು ವರ್ಷ. ಇಬ್ಬರು ಹಿರಿಯರು ಓದಿ, ಜಗಳವಾಡಿ, ಮತ್ತೆ ಓದುತ್ತಿದ್ದರು. ಅಚ್ಚಾದ ಮೇಲೆ ಅದು ಗ್ರಂಥಾಲಯದ ಬೀರುವಿನೊಳಗೆ ಹೋಗುತ್ತಿತ್ತು, ಬೀಗದ ಕೈ ಗ್ರಂಥಾಲಯದ ಅಧ್ಯಕ್ಷರ ಸೊಂಟದಲ್ಲಿ. ಆದರೆ ಅಚ್ಚಾದದ್ದು ಮಾರನೇ ಸೂರ್ಯೋದಯದಿಂದ ಎಲ್ಲರಿಗೂ ನಿಜವಾಗುತ್ತಿತ್ತು. ಒಂದು ಬೆಳಿಗ್ಗೆ ಊರಿನ ಬದನೆಕಾಯಿಗಳೆಲ್ಲ ನೀರಿನಲ್ಲಿ ಮುಳುಗತೊಡಗಿದವು. ಹೆಂಗಸರು ಕಾಯಿ ಕೊಳೆತಿದೆ ಎಂದು ನಾಲ್ಕು ತಿಂಗಳು ಬಿಸಾಡಿದರು. ಕಾರಣ ಬೀರುವಿನಲ್ಲಿತ್ತು.

ಆಮೇಲೆ ‘ತ್ವರಿತ’ ಎಂಬ ಹೊಸ ಪತ್ರಿಕೆ ಬಂತು. ಮೂರು ದಿನಕ್ಕೆ ರಿವ್ಯೂ, ನಾಲ್ಕನೇ ಬೆಳಿಗ್ಗೆ ನೀರಿನ ಟ್ಯಾಂಕಿನ ಗೋಡೆಯ ಮೇಲೆ ಪೇಪರು. ಯಾರು ಬೇಕಾದರೂ ಓದಬಹುದು, ಬೀಗವಿಲ್ಲ, ಚಂದಾ ಇಲ್ಲ. ಜನ ವಾಕಿಂಗ್ ಮುಗಿಸಿ, ಹಾಲು ತೆಗೆದುಕೊಂಡು, ಗೋಡೆ ನೋಡಿಕೊಂಡು ಮನೆಗೆ ಹೋಗುವುದು ರೂಢಿಯಾಯಿತು. ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವುದು ನಿಂತು, “ಇವತ್ತೇನು ನಿಜ?” ಎಂದು ಕೇಳುವುದು ಶುರುವಾಯಿತು. ನಿಂತು ಕುಡಿದರೆ ಕಾಫಿ ಬೇಗ ಆರುತ್ತದೆ ಎಂದು ಬಂದ ದಿನ ಹೋಟೆಲಿನವರು ಹಿತ್ತಲಿನಿಂದ ಹಳೆ ಬೆಂಚು ತಂದು ಹಾಕಿದರು. ಮಲಗಿದ ಬೆಕ್ಕು ಎಚ್ಚರವಿರುವ ಬೆಕ್ಕಿಗಿಂತ ಎರಡು ಪಟ್ಟು ಭಾರ ಎಂದು ಬಂದಾಗಿನಿಂದ ಪಕ್ಕದ ಮನೆಯವರು ಮಡಿಲಿನ ಬೆಕ್ಕನ್ನು ಮಾತಾಡಿಸುತ್ತಲೇ ಇರುತ್ತಾರೆ. ಎಡಗೈಯಲ್ಲಿ ಒಗೆದ ಬಟ್ಟೆ ಬೇಗ ಒಣಗುತ್ತದೆ ಎಂಬುದು ಒಂಬತ್ತು ದಿನ ನಿಜವಾಗಿತ್ತು. ಹತ್ತನೇ ದಿನ ಇನ್ನೊಂದು ತಂಡ ಅದನ್ನು ಅಲ್ಲಗಳೆಯಿತು. ಅಷ್ಟರಲ್ಲಿ ಅರ್ಧ ಊರಿನವರಿಗೆ ಎಡ ಭುಜ ಹಿಡಿದುಕೊಂಡಿತ್ತು. ಆದರೂ ಯಾರೂ ಗೊಣಗಲಿಲ್ಲ. ಪೇಪರು ಬರುತ್ತಲೇ ಇತ್ತು, ದಿನಕ್ಕೆ ಮೂರು, ಆಮೇಲೆ ಏಳು, ಆಮೇಲೆ ಹನ್ನೆರಡು. ಓದುವ ಹಿರಿಯರು ಸಾಲದೆ ನಮ್ಮಂಥ ವಿದ್ಯಾರ್ಥಿಗಳಿಗೂ ರಿವ್ಯೂ ನಂಬರು ಕೊಟ್ಟರು. ನನ್ನದು ನಾನೂರ ಹದಿನೇಳು.

ಮಂಗಳವಾರ ಬೆಳಿಗ್ಗೆ ಬಿಂದುವಿನ ಪೇಪರು ಗೋಡೆ ಏರಿತು. ಚಿತ್ರ ಎರಡರ ಮುಂದೆ ಜನ ನಿಂತು “ಮುಚ್ಚಳ ಎಷ್ಟ್ ಚೆನ್ನಾಗಿ ಬಂದಿದೆ” ಎಂದರು. ನಾನು ಎದುರು ಫುಟ್‌ಪಾತಿನಿಂದ ಫೋಟೋ ತೆಗೆದು ಬಿಂದುಗೆ ಕಳಿಸಿದೆ. ಹತ್ತಿರ ಹೋಗಲಿಲ್ಲ.

ನಾನು ಇರುವುದು ಚಂಪಕ ದೊಡ್ಡಮ್ಮನ ಮನೆಯಲ್ಲಿ. ಅಮ್ಮನ ಅಕ್ಕ. ಕಾಲೇಜಿನ ಗೇಟಿನೆದುರು ಅವರದು ಮಜ್ಜಿಗೆ ಅಂಗಡಿ. ಅವರ ಹೆಪ್ಪು ಅವರ ಅತ್ತೆಯಿಂದ ಬಂದದ್ದು, ಅತ್ತೆಗೆ ಎಲ್ಲಿಂದ ಬಂತೋ ಅವರಿಗೂ ಗೊತ್ತಿಲ್ಲ. ಒಂದು ಸಂಜೆಯೂ ತಪ್ಪಿಲ್ಲ. ಹೊಸದಾಗಿ ಮನೆ ಹೂಡಿದವರು ಹಾಲು ಉಕ್ಕಿಸಿದ ದಿನವೇ ಬಟ್ಟಲು ಹಿಡಿದು ದೊಡ್ಡಮ್ಮನ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಊರಿನ ಬಹುಪಾಲು ಗಡಿಗೆಗಳಲ್ಲಿರುವುದು ಒಂದೇ ಹೆಪ್ಪು.

ಬುಧವಾರ ಬೆಳಿಗ್ಗೆ ದೊಡ್ಡಮ್ಮ ಗಡಿಗೆಯನ್ನು ಓರೆ ಮಾಡಿದರು. ಹಾಲು ಓಡಿ ಅಂಚಿಗೆ ಬಂತು. ಬೆರಳಿಟ್ಟು ನೋಡಿದರು. ಮತ್ತೆ ಓರೆ ಮಾಡಿದರು.

“ಹಾಲು ಹಾಲಾಗೇ ಇದೆಯಲ್ಲೇ, ವನಿ.”

“ಚಳಿಗೇನೋ, ದೊಡ್ಡಮ್ಮ.”

“ಈ ಬಿಸಿಲಲ್ಲಿ ಎಲ್ಲಿಯ ಚಳಿ?” ಎಂದು ಕನ್ನಡಕ ಹಾಕಿಕೊಂಡು ಸೀದಾ ಗೋಡೆಗೆ ಹೋದರು. ಅವರು ದಿನವೂ ಹೋಗುತ್ತಾರೆ. ಮಂಗಳವಾರ ಮಾತ್ರ ಬಿಂದುವಿನದೇ ಪೇಪರು, ನಮ್ಮ ಹೆಪ್ಪಿನದೇ ವಿಷಯ, ಅದರಲ್ಲಿ ಗೊತ್ತಿಲ್ಲದ್ದೇನಿದೆ ಎಂದು ಬಿಟ್ಟಿದ್ದರು. ಒಂದು ಗಂಟೆ ಬಿಟ್ಟು ವಾಪಸ್ಸು ಬಂದು ಮೆಟ್ಟಿಲ ಮೇಲೆ ಕೂತರು.

“ಎರಡನೇ ಪುಟದ ಕೋಷ್ಟಕದಲ್ಲಿ ‘ಎಂಟು ದಿನ’ ಅಂತಿದೆ. ಎಂಟು ಗಂಟೆ ಅಲ್ಲ, ದಿನ. ಎಂಟು ದಿನ ಹಾಲು ಉಳಿಯುತ್ತೇನೇ?”

ಅವತ್ತು ಕಾಲೇಜಿನಲ್ಲಿ ಬಿಂದು ನೋಟುಬುಕ್ಕು ಎದೆಗೊತ್ತಿಕೊಂಡು ಓಡಿ ಬಂದಳು. ಪುಸ್ತಕದಲ್ಲಿ ಎಲ್ಲಾ ಕಡೆ ‘ಗಂಟೆ’ ಎಂದೇ ಇತ್ತು. ಫೋನಿನಲ್ಲಿ ಟೈಪು ಮಾಡುವಾಗ ಹಳೆಯ ಇನ್ನೊಂದು ಕೋಷ್ಟಕದ ಮೇಲೆಯೇ ಅಂಕಿಗಳನ್ನು ತುಂಬಿದ್ದಳು, ಅದರ ನೆತ್ತಿಯಲ್ಲಿ ‘ದಿನ’ ಎಂದಿತ್ತು. ಸೊಪ್ಪಿನ ಬೀಜ ಮೊಳೆಯುವ ಕೋಷ್ಟಕವಂತೆ.

“ನಾನು ಕಣ್ಣು ಮುಚ್ಕೊಂಡಿದ್ದೆ ಬಿಡು, ನನ್ ಪೇಪರು, ನಂಗ್ ಕಾಣ್ಲಿಲ್ಲ. ಆ ಇಬ್ರಿಗೆ ಏನಾಗಿತ್ತು ಕಣೇ? ಅಷ್ಟ್ ಸೂಕ್ಷ್ಮವಾಗಿ ಚಿತ್ರ ನೋಡಿದೋರಿಗೆ ಕೋಷ್ಟಕ ಕಾಣ್ಲಿಲ್ವಾ?”

ನಾನು ಅವಳ ಬೆನ್ನು ಸವರಿದೆ.

ತ್ವರಿತದ ಸಂಪಾದಕರು ಧರಣೇಂದ್ರ ಸರ್. ಫೋಟೋ ಸ್ಟುಡಿಯೋದ ಮಹಡಿಯ ಮೇಲೆ ಅವರ ಆಫೀಸು. ಅವರಿಗೆ ಎರಡು ಫೋನು, ಕೂರಲು ಕುರ್ಚಿ ಇದ್ದರೂ ಕೂರುವುದಿಲ್ಲ. ಬಿಂದು ಹೇಳಿದ್ದನ್ನು ಅತ್ತಿಂದಿತ್ತ ನಡೆಯುತ್ತಲೇ ಕೇಳಿದರು.

“ತಿದ್ದುಪಡಿ ಅರ್ಜಿ ಬರ್ದು ಕೊಡಮ್ಮ. ನಲವತ್ತು ದಿನ.”

“ಪೇಪರಿಗೆ ಮೂರು ದಿನ, ತಿದ್ದುಪಡಿಗೆ ನಲವತ್ತಾ ಸರ್?”

“ಹೊಸದು ಅಂದ್ರೆ ಓದೋಕೆ ಓಡಿ ಬರ್ತಾರಮ್ಮ. ಹಳೇದನ್ನ ತಿದ್ದೋಕೆ ಯಾರು ಬರ್ತಾರೆ? ಅದಕ್ಕೆ ಅಂಕಾನೂ ಇಲ್ಲ.” ಒಂದು ಫೋನ್ ಬಡಿದುಕೊಂಡಿತು, ಕಿವಿಗಿಟ್ಟು “ಒಪ್ಪಿಗೆ, ಒಪ್ಪಿಗೆ” ಎಂದು ಇಟ್ಟರು. “ಇನ್ನೊಂದು ದಾರಿ ಇದೆ. ಸಹಿ ಹಾಕಿದೋರಲ್ಲಿ ಒಬ್ರು ಗೋಡೆ ಮುಂದೆ ನಿಂತು ಪೇಪರನ್ನ ಪೂರ್ತಿ ಗಟ್ಟಿಯಾಗಿ ಓದಿ, ಎಲ್ಲಿ ಕಣ್ತಪ್ಪಿದೆ ಅಂತ ಜನರಿಗೆ ಹೇಳ್ಬೇಕು. ಆಗ ಅಲ್ಲೇ ಹರಿದು ಹಾಕ್ತೀವಿ. ಹರಿದ ಕ್ಷಣದಿಂದ ಮೊದಲಿನ ಹಾಗೆ. ಅವರ ನಂಬರು ಹೋಗುತ್ತೆ. ನಿನ್ ಹೆಸರಲ್ಲಿ ಒಂದು ವರ್ಷ ಯಾವ ಪೇಪರೂ ಬರಲ್ಲ.”

“ಯಾರು ಸರ್ ಅವ್ರು?”

“ನಂಗೂ ಗೊತ್ತಿಲ್ಲ. ಮುಚ್ಚಿದ ನಂಬರು. ಇದುವರೆಗೂ ಯಾರೂ ನಿಂತಿಲ್ಲ, ನೀನೇನೂ ತಲೆ ಕೆಡಿಸ್ಕೋಬೇಡ.”

ಮೆಟ್ಟಿಲು ಇಳಿಯುವಾಗ ಬಿಂದು ಗೋಡೆ ಹಿಡಿದು ನಿಂತಳು. “ಅವ್ರು ನಿಂತ್ಕೊಳ್ಳೋದಾದ್ರೆ ಮಂಗಳವಾರ ನಿಂತ್ಕೊಳ್ಳಲಿ ದೇವ್ರೇ. ಸೋಮವಾರ ಮಧ್ಯಾಹ್ನ ಇಂಟರ್ವ್ಯೂ ಮುಗಿದುಹೋಗಲಿ. ಇದು ಪಾಪಾನಾ ವನಿ, ಹಿಂಗೆ ಕೇಳ್ಕೊಳ್ಳೋದು?”

“ಅಲ್ಲ,” ಎಂದೆ. ನನಗೂ ಮಂಗಳವಾರವೇ ಒಳ್ಳೆಯದು ಅನ್ನಿಸಿತು. ಅದಕ್ಕಿಂತ ಒಳ್ಳೆಯದು, ಆ ಇನ್ನೊಬ್ಬರು, ಬರೀ ‘ಚೆನ್ನಾಗಿದೆ’ ಎಂದವರು, ತಾವೇ ಹೋಗಿ ನಿಂತುಬಿಟ್ಟರೆ. ಗುರುವಾರ ನಾನು ಐದು ಸಲ ಟ್ಯಾಂಕಿನ ಹತ್ತಿರ ಹೋಗಿ ಬಂದೆ. ಯಾರೂ ನಿಂತಿರಲಿಲ್ಲ. ಒಬ್ಬ ಹುಡುಗ ನನ್ನ ಹಾಗೇ ಎರಡು ಸಲ ಬಂದು, ಗೋಡೆ ನೋಡಿ, ಫೋನ್ ನೋಡಿ, ಹೋದ. ಅವನೇ ಇರಬಹುದು ಅಂದುಕೊಂಡೆ. ಅವನೂ ನನ್ನ ಬಗ್ಗೆ ಹಾಗೇ ಅಂದುಕೊಂಡನೇನೋ.

ಊರು ಮಾತ್ರ ಎಂದಿನಂತೆ ಹೊಂದಿಕೊಳ್ಳಲು ಹೊರಟಿತು. ಮನೆಮನೆಯಲ್ಲೂ ಗಡಿಗೆಗೆ ತಾರೀಖು ಬರೆದ ಚೀಟಿ ಅಂಟಿಸಿ ಸಾಲಾಗಿ ಇಟ್ಟರು. ಮೂರನೇ ದಿನಕ್ಕೆ ಹಾಲು ಕೆಟ್ಟು ಬೀದಿಯೆಲ್ಲ ನಾರತೊಡಗಿತು. ಹೋಟೆಲಿನವರು ಮೊಸರನ್ನದ ಬದಲು ನಿಂಬೆ ಚಿತ್ರಾನ್ನ ಹಾಕಿದರು. ಛತ್ರದಲ್ಲಿ ಒಂದು ಮದುವೆಯ ಊಟಕ್ಕೆ ಹೋಗಿದ್ದೆ. ಸಾರು ಆಯಿತು, ಪಾಯಸ ಆಯಿತು, ಮಜ್ಜಿಗೆ ಬರಲಿಲ್ಲ. ಊಟ ಮುಗಿಯಿತೋ ಇಲ್ಲವೋ ತಿಳಿಯದೆ ಇಡೀ ಪಂಕ್ತಿ ಕೈ ಒಣಗಿಸಿಕೊಂಡು ಕೂತೇ ಇತ್ತು. ಕೊನೆಗೆ ಹುಡುಗನ ಸೋದರಮಾವ ಎದ್ದು ಎಲ್ಲರ ಎಲೆಗೂ ಒಂದೊಂದು ಸೌಟು ನೀರು ಬಡಿಸಿದ ಮೇಲೆ ಎದ್ದರು.

ದೊಡ್ಡಮ್ಮನ ಅಂಗಡಿಯಲ್ಲಿ ಪಾನಕ. ಮಾಡುತ್ತಿದ್ದರು, ಕೊಡುತ್ತಿದ್ದರು. ಸೋಮವಾರದ ಮೊಸರಿನಲ್ಲಿ ಒಂದು ಬಟ್ಟಲು ಉಳಿಸಿ ಒದ್ದೆ ಬಟ್ಟೆ ಸುತ್ತಿ, ಮರಳಿನಲ್ಲಿ ಹೂತಿಟ್ಟಿದ್ದರು. ಹೊರಗಿನಿಂದ ಹೆಪ್ಪು ತರಿಸೋಣವೆಂದರೆ ಊರಿಗೆ ಬರುವ ಬಸ್ಸು ವಾರಕ್ಕೊಂದೇ, ಅದು ಮಂಗಳವಾರವೇ ಬಂದು ಹೋಗಿತ್ತು.

ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆದು, “ನಮ್ ಹೆಪ್ಪು ತಗೊಂಡು ಇನ್ನೂ ಎತ್ತಿಟ್ಕೊಂಡಿರೋರ ಮನೆಗಳಿಗೆಲ್ಲ ಹೋಗಿ, ಯಾರತ್ರ ಎಷ್ಟು ಉಳಿದಿದೆ, ಹೇಗಿದೆ ಅಂತ ನೋಡ್ಕೊಂಡು ಬಾ,” ಎಂದರು. ಹದಿನಾಲ್ಕು ಮನೆ ಸುತ್ತಿದೆ. ಮೂಸಿ ನೋಡಿದೆ, ನಾಲಿಗೆಗೆ ಹಚ್ಚಿ ನೋಡಿದೆ. ಎರಡು ಮನೆಯಲ್ಲಿ ಬೂಸ್ಟು ಬಂದಿತ್ತು. ಒಂದು ಮನೆಯಲ್ಲಿ ಹಸಿಬಾಣಂತಿ, “ಅವ್ವ ಕೊಟ್ಟ ಹೆಪ್ಪು, ಹೆಂಗ್ ಚೆಲ್ಲಲಿ?” ಎಂದು ಕಹಿಯಾದ ಬಟ್ಟಲನ್ನು ತೊಟ್ಟಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಅವ್ವ ಎಂದರೆ ನಮ್ಮ ದೊಡ್ಡಮ್ಮ. ಎಲ್ಲೂ ನಿಲ್ಲಲಾಗಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತಲೇ ಹೋದೆ.

“ಎಲ್ಲಾ ಹೋಗಿದೆ ದೊಡ್ಡಮ್ಮ. ನಿಮ್ಮದೊಂದೇ.”

ಅವರು ಮರಳಿನಿಂದ ಬಟ್ಟಲು ತೆಗೆದು, ಬೆರಳ ತುದಿಯಲ್ಲಿ ರುಚಿ ನೋಡಿದರು. “ಭಾನುವಾರದ ತನಕ ಬರುತ್ತೆ. ಸೋಮವಾರಕ್ಕೆ ಇರಲ್ಲ.” ಬಟ್ಟೆ ಮತ್ತೆ ಸುತ್ತುತ್ತಾ ಯಾರಿಗೋ ಎಂಬಂತೆ ಅಂದರು: “ಬರ್ದೋಳು ಮಗು, ಅವಸರಕ್ಕೆ ತಪ್ಪಾಯ್ತು. ಓದಿ ಸಹಿ ಹಾಕಿದೋರು ಇದಾರಲ್ಲ, ಅವರೇನು ಮನೇಲಿ ಮೊಸರು ತಿನ್ನಲ್ವಾ?”

“ತಿಂತೀನಿ ದೊಡ್ಡಮ್ಮ,” ಎಂದೆ. “ದಿನಾ ಎರಡು ಹೊತ್ತು.”

ಅವರ ಕೈ ನಿಂತಿತು. ಹೊರಗೆ ಯಾರೋ “ಒಂದು ಪಾನಕ!” ಎಂದು ಕೂಗಿದರು. ದೊಡ್ಡಮ್ಮ ಹೋಗಲಿಲ್ಲ.

“ಪೂರ್ತಿ ಓದ್ಲಿಲ್ವಾ?”

“ಒಂದಕ್ಷರಾನೂ ಓದ್ಲಿಲ್ಲ.”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಏಳನೇ ಕ್ಲಾಸು,” ಎಂದರು. “ಮುಂಚೆ ಬೀರೂಗೆ ಬೀಗ ಹಾಕಿರ್ತಿದ್ರು. ನಮ್ ಬದುಕಲ್ಲಿ ಏನ್ ಬದಲಾಯ್ತು ಅಂತ ಓದೋಕೆ ನಮ್ಮನ್ನ ಒಳಗೇ ಬಿಡ್ತಿರಲಿಲ್ಲ. ಬೀಗ ತೆಗೆದಾಗ ನಾನು ಗೋಡೆ ಮುಂದೆ ನಿಂತು ಅತ್ತಿದೀನಿ ಕಣೇ. ಮೂರು ಪುಟ ಓದೋಕೆ ನಂಗೆ ಒಂದು ಗಂಟೆ ಬೇಕು. ಗೊತ್ತಾಗದಿದ್ರೆ ಎರಡು ಸಲ ಓದ್ತೀನಿ. ನೀನು ನಮಗಿಂತ ಮೊದ್ಲು ಓದ್ಲಿ ಅಂತಾನೇ ನಿಂಗೆ ನಂಬರು ಕೊಟ್ಟಿದ್ದು.”

ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ ಬಟ್ಟಲನ್ನು ಮರಳಿಗಿಟ್ಟರು.

“ನಾನು ನಿಂತ್ಕೊಂಡ್ರೆ ಬಿಂದು ಸೀಟು ಹೋಗುತ್ತೆ.”

“ಹೋಗುತ್ತೆ.”

“ಸೋಮವಾರ ಸಂಜೆ ನಿಂತ್ಕೊಂಡ್ರೆ?”

“ಸೋಮವಾರಕ್ಕೆ ಇದು ಇರಲ್ಲ ಅಂತ ಹೇಳಿದ್ನಲ್ಲ.” ಎದ್ದು ಸೆರಗು ಕೊಡವಿಕೊಂಡರು. “ನೀನೇ ಯೋಚ್ನೆ ಮಾಡು. ಏನ್ ಮಾಡೋದಾದ್ರೂ ಮೊದ್ಲು ಅವಳಿಗೆ ಹೇಳು. ಗೋಡೆ ಮುಂದೆ ನಿಂತಾಗ ಅವಳಿಗೆ ಗೊತ್ತಾಗೋದು ಬೇಡ.”

ಬಿಂದುವಿನ ಮನೆಗೆ ಹೋಗುವಾಗ ದಾರಿಯಲ್ಲಿ ಮೂರು ಸಲ ತಿರುಗಿ ವಾಪಸ್ಸು ಹೊರಟೆ. ಮೂರನೇ ಸಲ ತಿರುಗಿದ ಜಾಗದಲ್ಲೇ ನಿಂತು ಧರಣೇಂದ್ರ ಸರ್‌ಗೆ ಮೆಸೇಜು ಹಾಕಿದೆ: ನಂಬರು ನಾನೂರ ಹದಿನೇಳು, ಮೊಸರಿನ ಪೇಪರಿಗೆ ನಿಂತುಕೊಳ್ಳುತ್ತೇನೆ. ಕಳಿಸಿದ ಮೇಲೆ ಹಿಂದೆ ಹೋಗಲು ಕಾರಣ ಉಳಿಯಲಿಲ್ಲ. ಹತ್ತು ಸೆಕೆಂಡಿಗೆ ಉತ್ತರ ಬಂತು: “ಒಳ್ಳೆಯದು. ನಾಳೆ ಬೆಳಿಗ್ಗೆ ಒಂಬತ್ತು, ಗೋಡೆ ಹತ್ತಿರ. ಬೇಗ ಮುಗಿಸಬೇಕು, ಹತ್ತಕ್ಕೆ ಅಂಟಿಸೋದಿದೆ.”

ಬಿಂದು ತಾರಸಿಯ ಮೇಲೆ ಒಣಗಿದ ಬಟ್ಟೆಗಳ ಮಧ್ಯೆ ಅತ್ತಿಂದಿತ್ತ ನಡೆಯುತ್ತಾ ಇಂಟರ್ವ್ಯೂಗೆ ಉತ್ತರ ಬಾಯಿಪಾಠ ಮಾಡುತ್ತಿದ್ದಳು. ನನ್ನನ್ನು ನೋಡಿ, “ಬಾ ಬಾ, ಪ್ರಶ್ನೆ ಕೇಳು. ‘ಈ ಸಂಶೋಧನೆಯಿಂದ ಸಮಾಜಕ್ಕೇನು ಉಪಯೋಗ?’ ಅಂದ್ರೆ ಏನ್ ಹೇಳ್ಲಿ? ಊರೆಲ್ಲ ನಾರ್ತಿದೆ ಅನ್ಲಾ?” ಎಂದು ನಕ್ಕಳು. ಕಣ್ಣು ಊದಿಕೊಂಡಿತ್ತು.

“ಬಿಂದು, ಚಿತ್ರ ಎರಡು ಇನ್ನಷ್ಟು ಸ್ಪಷ್ಟವಾಗಿದ್ದರೆ ಒಳ್ಳೆಯದು.”

“ಏ, ಸಾಕು ಗೇಲಿ.”

“ಗೇಲಿ ಅಲ್ಲ. ನಾನು ಎಲ್ಲಾ ಪೇಪರಿಗೂ ಅದನ್ನೇ ಬರಿಯೋದು.” ಫೋನ್ ತೆಗೆದು ನಾಲ್ಕು ರಿವ್ಯೂಗಳನ್ನೂ ತೋರಿಸಿದೆ. ಒಂದೇ ವಾಕ್ಯ, ನಾಲ್ಕು ಸಲ. ಒಂದು ಕಪ್ಪೆಗಳ ಬಗ್ಗೆ, ಒಂದು ಸಿಮೆಂಟಿನ ಬಗ್ಗೆ, ಒಂದು ಏನೋ ನನಗೆ ಈಗಲೂ ಗೊತ್ತಿಲ್ಲ, ಕೊನೆಯದು ಅವಳದು.

ಅವಳು ನಾಲ್ಕನ್ನೂ ಓದಿದಳು. ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ. ಆಮೇಲೆ ಹಗ್ಗದ ಮೇಲಿದ್ದ ಒಂದು ಟವೆಲ್ಲನ್ನು ಎಳೆದು ನನ್ನ ಮುಖಕ್ಕೆ ಹೊಡೆದಳು. ಇನ್ನೊಂದು ಎಳೆದು ಹೊಡೆದಳು. ಮೂರನೆಯದನ್ನು ಎಳೆದು, ಅದರಲ್ಲೇ ಮುಖ ಮುಚ್ಚಿಕೊಂಡು ಕೂತಳು.

“ಇಡೀ ಭಾನುವಾರ ಕಣೇ,” ಎಂದಳು ಟವೆಲ್ಲಿನೊಳಗಿಂದ. “ಇಡೀ ಭಾನುವಾರ ಗಡಿಗೆ ಬರ್ದೆ. ಮುಚ್ಚಳದ ನೆರಳು ಬರ್ಲಿಲ್ಲ ಅಂತ ಆರು ಸಲ ಅಳಿಸಿದೀನಿ.”

“ನಾಳೆ ನಿಂತ್ಕೊಳ್ತೀನಿ ಅಂತ ಸರ್‌ಗೆ ಹೇಳಿದೀನಿ. ಹೆಪ್ಪು ಭಾನುವಾರದ ತನಕ ಅಷ್ಟೇ ಅಂತೆ. ನೀನು ಬೇಡ ಅಂದ್ರೂ…”

ಕೆಳಗೆ ಬೀದಿಯಲ್ಲಿ ಯಾರೋ ಕೆಟ್ಟ ಹಾಲಿನ ಗಡಿಗೆ ತೊಳೆಯುತ್ತಿದ್ದರು.

“ಸೋಮವಾರ ನಾನು ಬರಿಗೈಯಲ್ಲಿ ಹೋಗ್ಬೇಕು.”

“ಹೂಂ.”

“ನೋಟ್‌ಬುಕ್ ತಗೊಂಡು ಹೋಗ್ತೀನಿ. ಅದ್ರಲ್ಲಿ ಗಂಟೆ ಅಂತಾನೇ ಇದೆ. ಸೀಟು ಕೊಡಲ್ಲ, ಬಿಡು. ಆದ್ರೂ ತೋರ್ಸಿ ಬರ್ತೀನಿ.” ಟವೆಲ್ಲು ಕೆಳಗಿಳಿಸಿದಳು. “ನಿನ್ನ ಮಾತ್ರ ನಾನ್ ಇವತ್ತು ಕ್ಷಮ್ಸಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು.”

“ನಿಮ್ ದೊಡ್ಡಮ್ಮ ಬರ್ತಾರಾ?”

“ಬಟ್ಟಲು ತಗೊಂಡು ಬರ್ತಾರೆ. ಹರಿದ ತಕ್ಷಣ ಅಲ್ಲೇ ಹೆಪ್ಪು ಹಾಕ್ತಾರಂತೆ, ಉಗುರುಬೆಚ್ಚಗಿನ ಹಾಲಿಗೆ.”

ಹಾಗೆಂದು ದೊಡ್ಡಮ್ಮ ಹೇಳಿರಲಿಲ್ಲ. ಆದರೆ ಅವರು ಹಾಗೆ ಮಾಡದೆ ಇರುವವರಲ್ಲ.

ನಾನು ಮೆಟ್ಟಿಲಿಗೆ ಹೊರಟೆ. ಅರ್ಧ ಇಳಿದಿದ್ದೆ, ಬಿಂದು ಮೇಲಿನಿಂದ ಬಗ್ಗಿ ಕೂಗಿದಳು.

“ಒಂಬತ್ತಕ್ಕಲ್ಲ, ಎಂಟೂವರೆಗೆ ಬಾ. ಗೋಡೆ ಹತ್ರ ನಾನಿರ್ತೀನಿ. ಒಂದ್ಸಲ ನನ್ ಮುಂದೆ ಓದಿ ತೋರ್ಸು, ತಪ್ಪಿದ್ರೆ ಹೇಳ್ತೀನಿ. ಮತ್ತೆ ವನಿ…”

“ಏನೇ?”

“ಈ ಸಲನಾದ್ರೂ ಮನೇಲಿ ಒಂದ್ಸಲ ಓದ್ಕೊಂಡು ಬಾ.”